ಸುಣ್ಣದ ಕಲ್ಲಿನ ನಾಡಲ್ಲಿ ಹೊಂಡಕ್ಕೆ ಸುಣ್ಣ ಹಾಕಿದಾಗ: ಚಿತ್ತಾಪುರ ಕಡೆಯ ಒಂದು ಮೀನು ಹೊಂಡದ ಪ್ರಕರಣ

ಗುರುವಾರ ಮಧ್ಯಾಹ್ನ ಮೂರೂವರೆಗೆ ಮಾವನ ಫೋನ್ ಬಂತು. "ಮೀಸಿ ಮೀನೂ ಸಾಯ್ಲತ್ತಾವ ನೋಡು," ಅಂದರು. ಅಷ್ಟೇ. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

ಆ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ವಿಷಯ. ಒಂದು, ಹೊತ್ತು. ಹಸಿರು ನೀರಿನ ಹೊಂಡದಲ್ಲಿ ಮೀನು ಸಾಯುವುದು ಸಾಮಾನ್ಯವಾಗಿ ಬೆಳಗಿನ ಜಾವ. ಮಧ್ಯಾಹ್ನ ಮೂರೂವರೆಗೆ ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ. ಎರಡು, ಮೀಸೆ ಮೀನು. ನಮ್ಮ ಹೊಂಡದಲ್ಲಿದ್ದ ಮೀಸೆ ಮೀನು ಪಂಗಾಸಿಯಸ್. ನೀರಿನಲ್ಲಿ ಉಸಿರು ಸಾಲದಿದ್ದರೆ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಿ ಹೋಗುವ ಜಾತಿ ಅದು. ಅದು ಹಗಲು ಹೊತ್ತಿನಲ್ಲಿ ಮಗುಚಿ ಬೀಳುತ್ತಿದೆ ಅಂದರೆ ತೊಂದರೆ ಉಸಿರಿನದಲ್ಲ.

ತೊಂದರೆ ಏನು ಅನ್ನುವುದು ಬೈಕ್ ಸ್ಟಾರ್ಟ್ ಮಾಡುವಾಗಲೇ ಅರ್ಧ ಹೊಳೆದಿತ್ತು. ಹೊಳೆದದ್ದಕ್ಕೆ ಹೊಟ್ಟೆಯಲ್ಲಿ ಸಂಕಟವೂ ಆಯ್ತು. ಯಾಕಂದರೆ ಹಿಂದಿನ ದಿನ "ಹಾಕ್ರಿ ಮಾಮಾ, ಏನಾಗಂಗಿಲ್ಲ" ಅಂತ ಫೋನಿನಲ್ಲಿ ಹೇಳಿದವನು ನಾನೇ.

ಹೊಂಡದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಚಿತ್ತಾಪುರ ತಾಲೂಕು, ಕಾಗಿಣಾ ನದಿಯಿಂದ ಎರಡು ಹೊಲ ಈಚೆ. ಅರ್ಧ ಎಕರೆ ನೀರು, ತುಂಬಿದಾಗ ಐದು ಅಡಿ ಆಳ. ಮೇಲೆ ಕರಿ ಮಣ್ಣು. ಏಳೆಂಟು ಅಡಿ ಅಗೆದರೆ ಹಾಸುಗಲ್ಲು ಸಿಗುತ್ತದೆ. ಶಹಾಬಾದ್ ಕಲ್ಲು ಅಂತ ದೇಶವೆಲ್ಲ ನೆಲಕ್ಕೆ ಹಾಸುವ ಅದೇ ಫರಸಿ. ಅದು ಸುಣ್ಣದ ಕಲ್ಲು. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದು ಕೂತಿರುವುದು ಈ ಕಲ್ಲಿಗಾಗಿಯೇ. ನಮ್ಮ ಕಡೆ ಬಾವಿ ನೀರಿನಲ್ಲಿ ಸೋಪು ನೊರೆ ಬರೋದಿಲ್ಲ, ಬೇಳೆ ಬೇಗ ಬೇಯೋದಿಲ್ಲ, ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಇದು ಊರಿನ ಪ್ರತಿ ಹೆಣ್ಣುಮಗಳಿಗೂ ಗೊತ್ತು. ನನಗೂ ಗೊತ್ತಿತ್ತು, ಹುಟ್ಟಿದ್ದು ಇಲ್ಲೇ ಅಲ್ವಾ. ಗೊತ್ತಿದ್ದದ್ದು ಸಮಯಕ್ಕೆ ನೆನಪಾಗಲಿಲ್ಲ.

ಮಾವನದು ತೊಗರಿ ಹೊಲ. ತೊಗರಿ ಒಂದು ವರ್ಷ ಕೊಟ್ಟರೆ ಇನ್ನೊಂದು ವರ್ಷ ಕೈ ಎತ್ತುತ್ತದೆ. ಹೊಲದ ತಗ್ಗಿನ ಮೂಲೆಯಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ಅಲ್ಲೇ ಹೊಂಡ ತೋಡಿಸಿದರು. ಕರಿ ಮಣ್ಣು ನೀರು ಹಿಡಿಯುವುದರಲ್ಲಿ ಎತ್ತಿದ ಕೈ, ಪ್ಲಾಸ್ಟಿಕ್ ಹಾಳೆ ಬೇಕಾಗಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಏರಿ ಒಣಗಿದರೆ ಮಾತ್ರ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದಕ್ಕೇ ಮಾವ ಏರಿಯ ಒಳಬದಿ ಸದಾ ತೇವ ಇರುವಂತೆ ಬಾವಿಯಿಂದ ನೀರು ಬಿಡುತ್ತಲೇ ಇರುತ್ತಿದ್ದರು. ಈ ಸಣ್ಣ ವಿಷಯ ಮುಂದೆ ದೊಡ್ಡದಾಗುತ್ತದೆ.

ಯಾವ ಮೀನು ಬಿಡಬೇಕು ಅನ್ನುವುದಕ್ಕೆ ಒಂದು ತಿಂಗಳು ಚರ್ಚೆ ನಡೆಯಿತು. ಕಟ್ಲಾ, ರೋಹು ಬಿಟ್ಟರೆ ಕೈಗೆ ದುಡ್ಡು ಬರಲು ಹತ್ತು–ಹನ್ನೆರಡು ತಿಂಗಳು ಬೇಕು, ಅಷ್ಟು ದಿನ ಹೊಂಡದಲ್ಲಿ ನೀರು ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಬೀಜ, ಅಂದರೆ ಮೀನು ಮರಿ, ಮಾರುವವನೊಬ್ಬ "ಹೈಬ್ರಿಡ್ ಮಾಗೂರ್ ಕೊಡ್ತೀನಿ, ಆರು ತಿಂಗಳಿಗೆ ಕಿಲೋ ದಾಟ್ತದ, ಕೋಳಿ ಅಂಗಡಿ ಕಸ ಹಾಕಿದ್ರೂ ಸಾಕು" ಅಂದ. ಅದು ಆಫ್ರಿಕನ್ ಕ್ಯಾಟ್‌ಫಿಶ್. ಹೆಸರು ಮಾತ್ರ ಬದಲಾಗುತ್ತಿರುತ್ತದೆ, ಒಮ್ಮೆ ಥಾಯ್ ಮಾಗೂರ್, ಒಮ್ಮೆ ಹೈಬ್ರಿಡ್. ಕೇಂದ್ರ ಸರ್ಕಾರ 2000ದಲ್ಲೇ ಅದನ್ನು ನಿಷೇಧಿಸಿದೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನು. ಹೊಂಡ ಒಡೆದರೆ ಕಾಗಿಣಾ, ಅಲ್ಲಿಂದ ಭೀಮಾ, ಅಲ್ಲಿಂದ ಕೃಷ್ಣಾ. 2020ರ ಅಕ್ಟೋಬರ್‌ನಲ್ಲಿ ಭೀಮಾ ಹೇಗೆ ಉಕ್ಕಿ ಬಂದಿತ್ತು ಅಂತ ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಕೊನೆಗೆ 4,000 ತಿಲಾಪಿಯಾ, 1,000 ಪಂಗಾಸಿಯಸ್ ಅಂತ ತೀರ್ಮಾನ ಆಯ್ತು. ತಿಲಾಪಿಯಾ ಅಂದ ತಕ್ಷಣ ಹಳಬರು ಮುಖ ಸಿಂಡರಿಸುತ್ತಾರೆ. ಅದಕ್ಕೆ ಕಾರಣ ಇದೆ. 1952ರಲ್ಲಿ ಭಾರತಕ್ಕೆ ಬಂದ ಮೊಜಾಂಬಿಕ್ ತಿಲಾಪಿಯಾ, ನಮ್ಮ ಜನ ಜಿಲೇಬಿ ಮೀನು ಅನ್ನುವುದು, ಕೆರೆಗೆ ಬಿದ್ದರೆ ಮರಿ ಮೇಲೆ ಮರಿ ಹಾಕಿ ಇಡೀ ಕೆರೆ ಬೆರಳುದ್ದದ ಮೀನುಗಳಿಂದ ತುಂಬಿಬಿಡುತ್ತಿತ್ತು. ಈಗ ಸಾಕುವುದು ಬೇರೆ ಜಾತಿ, ನೈಲ್ ತಿಲಾಪಿಯಾದ ಗಿಫ್ಟ್ ತಳಿ. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದ ಆಯ್ಕೆ ತಳಿ ಕೆಲಸದಿಂದ ಬಂದದ್ದು. ನಮ್ಮ ದೇಶದಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರ ವಿಜಯವಾಡದ ಹತ್ತಿರ ಇದರ ಮರಿ ಮಾಡುತ್ತದೆ. ಸಾಕಲು ಅನುಮತಿ ಬೇಕು, ಗಂಡು ಮೀನು ಮಾತ್ರ ಇರಬೇಕು, ನೀರು ಹೊರಹೋಗುವ ಕಡೆ ಜಾಲರಿ ಬೇಕು. ಹೆಣ್ಣು ತಿಲಾಪಿಯಾ ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ, ಅಷ್ಟು ದಿನ ಊಟ ಬಿಡುತ್ತದೆ, ಬೆಳೆಯುವುದಿಲ್ಲ. ಅದಕ್ಕೇ ಎಲ್ಲ ಗಂಡು.

ಎಲ್ಲ ಗಂಡು ಅಂತ ಹೇಳಿಯೇ ಕೊಟ್ಟರು. ಫೆಬ್ರವರಿಯಲ್ಲಿ ಏರಿ ಪಕ್ಕದಲ್ಲಿ ಬಟ್ಟಲಿನಂಥ ಗುಳಿ ಕಾಣಿಸಿದವು, ಮಾರ್ಚ್‌ನಲ್ಲಿ ಅಕ್ಕಿ ಕಾಳಿನಂಥ ಮರಿಗಳ ಗುಂಪು. ಹತ್ತರಲ್ಲಿ ಒಂದಾದರೂ ಹೆಣ್ಣಿತ್ತು ಅಂತ ಕೊನೆಗೆ ಮೀನು ಹಿಡಿದಾಗ ಗೊತ್ತಾಯ್ತು. ಬೀಜದವನಿಗೆ ಫೋನ್ ಮಾಡಿದರೆ "ಒಂದೆರಡು ಇರ್ತಾವ ಬಿಡ್ರಿ" ಅಂದ. ಹೋಗಲಿ, ಈ ಪ್ರಕರಣದ ಮುಖ್ಯ ವಿಷಯ ಅದಲ್ಲ.

ಸೆಪ್ಟೆಂಬರ್‌ನಲ್ಲಿ ಮರಿ ಬಿಟ್ಟಿದ್ದು. ಅಕ್ಟೋಬರ್, ನವೆಂಬರ್ ಚೆನ್ನಾಗಿ ಬೆಳೆದವು. ಡಿಸೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ನಿಂತಲ್ಲೇ ನಿಂತವು. ಕಲಬುರಗಿ ಅಂದರೆ ಬಿಸಿಲು ಅಂತಲೇ ಹೊರಗಿನವರು ತಿಳಿದಿರುತ್ತಾರೆ. ಚಳಿಗಾಲದ ರಾತ್ರಿ ಹೊಲದಲ್ಲಿ ಮಲಗಿ ನೋಡಬೇಕು. ತಿಲಾಪಿಯಾಗೆ ನೀರು 25ರಿಂದ 30 ಡಿಗ್ರಿ ಇದ್ದರೆ ಹಬ್ಬ. 20ರ ಹತ್ತಿರ ಬಂದರೆ ಮೇವಿಗೆ ಮೂತಿ ತಿರುಗಿಸುತ್ತದೆ. ಪಂಗಾಸಿಯಸ್ ಇನ್ನೂ ನಾಜೂಕು. ಆ ಆರು ವಾರ ಮಾವ ಮೇವು ಅರ್ಧ ಮಾಡಿದರು, ಅದು ಸರಿ. ಫೆಬ್ರವರಿಯಲ್ಲಿ ಬಿಸಿಲೇರಿದ ಕೂಡಲೇ ಕಳೆದದ್ದನ್ನೆಲ್ಲ ಒಂದೇ ಸಲ ಗಳಿಸಿಬಿಡುವವರಂತೆ ಮೇವು ಏರಿಸಿದರು. ಇದು ಸರಿ ಇರಲಿಲ್ಲ.

ಏಪ್ರಿಲ್ ಮೊದಲ ವಾರ ತಿಲಾಪಿಯಾ ಸರಾಸರಿ 270 ಗ್ರಾಂ, ಪಂಗಾಸಿಯಸ್ ಅರ್ಧ ಕಿಲೋ ದಾಟಿತ್ತು. ಹೊಂಡದಲ್ಲಿ ಒಟ್ಟು ಹದಿನಾಲ್ಕೂವರೆ ಕ್ವಿಂಟಾಲ್ ಮೀನು. ದಿನಕ್ಕೆ 26 ಕಿಲೋ ತೇಲುವ ಮೇವು ಹೋಗುತ್ತಿತ್ತು. ಗಾಳಿಯಾಡಿಸುವ ಯಂತ್ರ ಇಲ್ಲದ ಹೊಂಡಕ್ಕೆ ಹೆಕ್ಟೇರಿಗೆ ದಿನಕ್ಕೆ 30–40 ಕಿಲೋ ಮೇವು ಮಿತಿ ಅಂತ ಒಂದು ಅಂದಾಜು ಲೆಕ್ಕ ಇದೆ. ಅರ್ಧ ಎಕರೆಗೆ ಅದು ಆರರಿಂದ ಎಂಟು ಕಿಲೋ ಆಗುತ್ತದೆ. ಉಳಿದ ಹದಿನೆಂಟು ಕಿಲೋ ಜೀರ್ಣ ಆಗಬೇಕಾದದ್ದು ಎರಡು ಎಚ್‌ಪಿ ಏರೇಟರ್‌ನ ಬಲದ ಮೇಲೆ. ಯಂತ್ರ ಇತ್ತು, ಚೆನ್ನಾಗಿಯೇ ಇತ್ತು. ಅದಕ್ಕೆ ತ್ರೀ ಫೇಸ್ ಬೇಕು. ಹೊಲದ ಲೈನಿಗೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ತಾಸು, ಅದೂ ಒಂದು ವಾರ ಹಗಲು ಒಂದು ವಾರ ರಾತ್ರಿ. ಹಗಲು ಪಾಳಿಯ ವಾರದಲ್ಲಿ ಏರೇಟರ್ ಬಿಸಿಲಿನಲ್ಲಿ ಗರಗರ ತಿರುಗುತ್ತಿತ್ತು. ಪಾಚಿ ತಾನೇ ಆಮ್ಲಜನಕ ಕೊಡುವ ಹೊತ್ತು ಅದು! ಬೇಕಾದ ಬೆಳಗಿನ ಜಾವ ಮಲಗಿರುತ್ತಿತ್ತು. ಹೀಗೇ ಒಂದೂವರೆ ತಿಂಗಳು ನಡೆದು ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ಮಾವನಿಗೆ ಧೈರ್ಯ ಕೊಟ್ಟಿತು.

ಸೋಮವಾರ ಸಂಜೆ ಅಡ್ಡಮಳೆ. ಅದಕ್ಕೆ ಮುಂಚೆ ಎರಡು ದಿನ ಮೋಡ ಮುಸುಕಿತ್ತು, ಅಂದರೆ ಪಾಚಿ ಅರೆಹೊಟ್ಟೆಯಲ್ಲಿತ್ತು. ಗಾಳಿಗೆ ಬೇವಿನ ಟೊಂಗೆ ಬಿದ್ದು ತಂತಿ ಹರಿಯಿತು. ರಾತ್ರಿ ಒಂಬತ್ತರಿಂದ ಮರುದಿನ ಎಂಟರವರೆಗೆ ಕರೆಂಟ್ ಇಲ್ಲ. ನಾಲ್ಕೂವರೆಗೆ ಮಾವ ಬ್ಯಾಟರಿ ಹಾಕಿ ನೋಡಿದರೆ ಹೊಂಡದ ತುಂಬ ತಿಲಾಪಿಯಾ ಬಾಯಿ. ನೀರಿನ ಮೇಲೆ ಸಾವಿರಾರು ಸಣ್ಣ ಬಾಯಿಗಳು ಪಿಸಿಪಿಸಿ ಅನ್ನುವ ಸದ್ದು ಕೇಳಿದವರು ಮರೆಯುವುದಿಲ್ಲ. ಏಳು ಗಂಟೆಗೆ 170 ಸತ್ತಿದ್ದವು, ದೊಡ್ಡವೇ ಜಾಸ್ತಿ. ಪಂಗಾಸಿಯಸ್ ಒಂದೂ ಸಾಯಲಿಲ್ಲ. ಅವು ಮೇಲೆ ಬಂದು ಗುಳುಕ್ ಅಂತ ಗಾಳಿ ನುಂಗಿ ಕೆಳಗೆ ಹೋಗುತ್ತಿದ್ದವಂತೆ, ಪಕ್ಕದಲ್ಲಿ ಏನೂ ಆಗಿಲ್ಲವೇನೋ ಅನ್ನುವಂತೆ.

ಇದು ಓದಲು ಸುಲಭದ ಪಾಠ. ಜಾವದ ಹೊತ್ತು, ದೊಡ್ಡ ಮೀನು ಮೊದಲು, ಗಾಳಿ ನುಂಗುವ ಜಾತಿ ಸುರಕ್ಷಿತ. ಆಮ್ಲಜನಕದ ಕೊರತೆ, ಬೇರೇನಲ್ಲ. ಆ ದಿನ ಮಾಡಬೇಕಿದ್ದದ್ದು ಮೂರೇ ಕೆಲಸ: ಮೇವು ನಿಲ್ಲಿಸುವುದು, ಬಾಡಿಗೆಗೆ ಜನರೇಟರ್ ತರುವುದು, ತಳದಲ್ಲಿ ಬಿದ್ದ ಸತ್ತ ಮೀನನ್ನೂ ಬಲೆ ಎಳೆದು ತೆಗೆಯುವುದು. ತೇಲಿದ್ದನ್ನು ತೆಗೆದರು. ತಳದ್ದು ಅಲ್ಲೇ ಉಳಿಯಿತು. ಮೀನು ಸೊರಗಿವೆ ಅಂತ ಮೇವು ಎಂದಿನಂತೆ ಹಾಕಿದರು. ಕರೆಂಟ್ ಬಂದಿತ್ತಲ್ಲ, ಜನರೇಟರ್ ಯಾಕೆ ಅಂತ ಸುಮ್ನಾದರು.

ಬುಧವಾರ ಬೆಳಗ್ಗೆ ಮೇವಿನ ಅಂಗಡಿಯವನು ಹೇಳಿದನಂತೆ, "ಹೊಂಡ ಕೆಟ್ಟದ, ಸುಣ್ಣ ಹೊಡೀರಿ, ನೀರು ತಿಳಿ ಆಗ್ತದ." ಮಾವ ನನ್ನನ್ನು ಕೇಳಿದರು. ನಾನು ಮೀನು ಸಾಕಣೆ ಕಲಿತದ್ದು ಕರಾವಳಿಯಲ್ಲಿ. ನಾಲ್ಕು ವರ್ಷ ಅಲ್ಲೇ ಕೆಲಸ. ಅಲ್ಲಿ ಮುರಕಲ್ಲಿನ ಕೆಂಪು ಮಣ್ಣು, ಹುಳಿ ಮಣ್ಣು. ಮಳೆ ನೀರಿನಂಥ ಮೆದು ನೀರು. ಹೊಂಡ ಅಂದರೆ ಮೊದಲು ಸುಣ್ಣ, ಆಮೇಲೆ ಮಾತು. ಏನೇ ತೊಂದರೆ ಬಂದರೂ ಒಂದು ಚೀಲ ಸುಣ್ಣ ಎರಚಿದರೆ ಅರ್ಧ ಸಮಸ್ಯೆ ಹೋಗುತ್ತಿತ್ತು, ನಿಜವಾಗಿಯೂ ಹೋಗುತ್ತಿತ್ತು. ಆ ಕೈ ರೂಢಿಯಲ್ಲೇ ನಾನು ಕಲಬುರಗಿಯಲ್ಲಿ ಕೂತು "ಹಾಕ್ರಿ" ಅಂದುಬಿಟ್ಟೆ. ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಅಂಕಿ, ಎಷ್ಟಿದೆ ಅಂತ ಕೇಳಲಿಲ್ಲ. ಕೇಳಿದ್ದರೆ ಮಾವನ ಹತ್ತಿರ ಅಳೆಯುವ ಸಾಮಾನು ಇರಲಿಲ್ಲ ಅನ್ನುವುದು ಬೇರೆ ಮಾತು. ಕೇಳಬೇಕಿತ್ತು.

ಬುಧವಾರ ಹನ್ನೊಂದಕ್ಕೆ 25 ಕಿಲೋದ ಎರಡು ಚೀಲ ಅರಳಿದ ಸುಣ್ಣ ಹೋಯ್ತು. ಸಂಜೆಗೆ ಹಸಿರು ಸ್ವಲ್ಪ ತಿಳಿಯಾಯಿತು, ಎಲ್ಲರಿಗೂ ಖುಷಿ. ಸುಣ್ಣ ಪಾಚಿಯನ್ನು ಹೆಪ್ಪುಗಟ್ಟಿಸಿ ತಳಕ್ಕೆ ಕೂರಿಸಿತ್ತು, ಅಷ್ಟೇ. ತಳಕ್ಕೆ ಹೋದ ಪಾಚಿ ಅಲ್ಲಿ ಕೊಳೆಯಲು ಶುರುಮಾಡಿತು. ಆದರೆ ಕಣ್ಣಿಗೆ ಕಂಡದ್ದು ತಿಳಿ ನೀರು. ಎರಡು ಚೀಲಕ್ಕೆ ಇಷ್ಟಾದರೆ ನಾಲ್ಕು ಚೀಲಕ್ಕೆ ಎಷ್ಟಾಗಬೇಡ ಅಂತ ಗುರುವಾರ ನಾಲ್ಕು ಚೀಲ. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು ಅಂತ ಮಾವ ಆಮೇಲೆ ಹೇಳಿದರು. ಗಡುಸು ನೀರಿಗೆ ಸುಣ್ಣ ಬಿದ್ದು ಪಿಎಚ್ ವಿಪರೀತ ಏರಿದಾಗ, ಕರಗಿದ್ದ ಸುಣ್ಣದ ಕಲ್ಲೇ ಹಿಟ್ಟಿನಂತೆ ಹೊರಬಿದ್ದು ಹಾಗೆ ಬೆಳ್ಳಗಾಗುತ್ತದೆ. ಆ ಬಿಳುಪೇ ಎಚ್ಚರಿಕೆ. ಓದಲು ಯಾರೂ ಇರಲಿಲ್ಲ.

ನಾನು ಹೊಂಡ ಮುಟ್ಟಿದಾಗ ಆರಕ್ಕೆ ಕಾಲು ಗಂಟೆ ಇತ್ತು. ವಾಸನೆ ಇರಲಿಲ್ಲ. ಕೆಲವು ತಿಲಾಪಿಯಾ ಗಿರಗಿರನೆ ಸುತ್ತಿ ಸೆಟೆದು ನಿಲ್ಲುತ್ತಿದ್ದವು. ಪಂಗಾಸಿಯಸ್ ದಡಕ್ಕೆ ಬಂದು ಮೂತಿ ಮಣ್ಣಿಗೆ ಒತ್ತಿ ನಡುಗುತ್ತಿದ್ದವು. ನಾಲ್ಕು ಮೀನಿನ ಕಿವಿರು ಬಿಚ್ಚಿ ನೋಡಿದೆ. ಕಂದು ಬಣ್ಣ ಇದ್ದರೆ ನೈಟ್ರೈಟ್ ವಿಷ ಅನ್ನಬಹುದಿತ್ತು. ಇರಲಿಲ್ಲ, ಲೋಳೆ ಜಾಸ್ತಿ ಇತ್ತು. ಕಣ್ಣು ಉಬ್ಬಿರಲಿಲ್ಲ, ಮೈಮೇಲೆ ಹುಣ್ಣಿರಲಿಲ್ಲ. ಬೇಸಿಗೆಯಲ್ಲಿ ತಿಲಾಪಿಯಾಗೆ ಬರುವ ಸ್ಟ್ರೆಪ್ಟೊಕಾಕಸ್ ರೋಗದಲ್ಲೂ ಮೀನು ಸುತ್ತುತ್ತದೆ. ಅದು ತಿಲಾಪಿಯಾವನ್ನು ದಿನಕ್ಕಿಷ್ಟು ಅಂತ ವಾರಗಟ್ಟಲೆ ಸಾಯಿಸುತ್ತದೆ, ಎರಡು ಜಾತಿಯನ್ನೂ ಒಂದೇ ಮಧ್ಯಾಹ್ನ ಮಗುಚಿ ಹಾಕುವುದಿಲ್ಲ.

ಆಮ್ಲಜನಕದ ಹನಿ ಪರೀಕ್ಷೆ ಮಾಡಿದೆ: ಲೀಟರಿಗೆ 8 ಮಿಲಿಗ್ರಾಂ. ಬೇಕಾದಷ್ಟಿದೆ. ಅಮೋನಿಯಾ ಕಿಟ್: 3. ಪಿಎಚ್ ಪೆನ್ನು ಅದ್ದಿದೆ: 9.6. ಪೆನ್ನು ಕೆಟ್ಟಿರಬೇಕು ಅಂತ ಬಾವಿ ನೀರಿಗೆ ಅದ್ದಿದೆ, 7.6 ತೋರಿಸಿತು. ಮತ್ತೆ ಹೊಂಡಕ್ಕೆ. ಮತ್ತೆ 9.6.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಇಡೀ ಪ್ರಕರಣ ಅಮೋನಿಯಾ 3, ಪಿಎಚ್ 9.6 ಅನ್ನುವ ಈ ಎರಡು ಅಂಕಿಗಳ ನಡುವೆ ಇದೆ. ಮೀನಿನ ಕಿವಿರಿನಿಂದ, ಕೊಳೆತ ಮೇವಿನಿಂದ, ಸತ್ತ ಪಾಚಿಯಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ಒಂದು ಕಿಲೋ ಮೇವಿಗೆ ಸುಮಾರು 30 ಗ್ರಾಂ. ನೀರಿನಲ್ಲಿ ಅದು ಎರಡು ವೇಷದಲ್ಲಿ ಇರುತ್ತದೆ. ಒಂದು ಅಮೋನಿಯಂ, ಮೀನಿಗೆ ಹೆಚ್ಚು ತೊಂದರೆ ಕೊಡದ್ದು. ಇನ್ನೊಂದು ಅಮೋನಿಯಾ ಅನಿಲ, ಕಿವಿರು ದಾಟಿ ನೇರ ರಕ್ತಕ್ಕೆ ಹೋಗುವಂಥದ್ದು. ಯಾವುದು ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ, ಬಿಸಿ ಅದಕ್ಕೆ ಕೈಗೂಡಿಸುತ್ತದೆ. ಆ ದಿನ ನೀರು 33 ಡಿಗ್ರಿ ಇತ್ತು. ಅಂಥ ನೀರಿನಲ್ಲಿ ಪಿಎಚ್ 8 ಇದ್ದರೆ ವಿಷದ ಪಾಲು ಹತ್ತರಲ್ಲಿ ಒಂದೂ ಇಲ್ಲ. 9 ಆದರೆ ಹೆಚ್ಚುಕಡಿಮೆ ಅರ್ಧ. 9.6ಕ್ಕೆ ಐದರಲ್ಲಿ ನಾಲ್ಕು ಪಾಲು. ಅಂದರೆ ಸುಣ್ಣ ಹೊಂಡಕ್ಕೆ ಒಂದು ಗುಂಜಿ ಅಮೋನಿಯಾವನ್ನೂ ತರಲಿಲ್ಲ. ಇದ್ದ 3 ಮಿಲಿಗ್ರಾಂ ಅಮೋನಿಯಾದ ವೇಷ ಬದಲಿಸಿತು. ಕಾಲು ಮಿಲಿಗ್ರಾಂನಷ್ಟಿದ್ದ ವಿಷ ಎರಡೂಕಾಲು ದಾಟಿತು. ಗಾಳಿ ನುಂಗಲು ಬರುವ ಮೀನಿಗೂ ಇದರಿಂದ ಬಚಾವಾಗುವ ದಾರಿ ಇಲ್ಲ.

ಹಗಲು ಯಾಕೆ? ಪಾಚಿ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಪಿಎಚ್ ಏರುತ್ತದೆ, ಮೂರು–ನಾಲ್ಕು ಗಂಟೆಗೆ ತುದಿ ಮುಟ್ಟುತ್ತದೆ. ರಾತ್ರಿ ಇಳಿಯುತ್ತದೆ. ಹಸಿರು ಹೊಂಡ ದಿನಕ್ಕೊಮ್ಮೆ ಹೀಗೆ ಏರಿ ಇಳಿಯುವುದು ಸಹಜ. ಆ ಏರಿನ ಮೇಲೆ ನಾವು ಬಿಸಿಲು ಹೊತ್ತಿನಲ್ಲಿ ಆರು ಚೀಲ ಸುಣ್ಣ ಹೇರಿದ್ದೆವು.

ಮರುದಿನ ಬಾವಿ ನೀರಿನ ಪೂರ್ತಿ ಪರೀಕ್ಷೆ ಮಾಡಿಸಿದೆವು. ಕ್ಷಾರತೆ, ಅಂದರೆ ನೀರಿನಲ್ಲಿ ಮೊದಲೇ ಕರಗಿರುವ ಸುಣ್ಣದಂಥ ಕ್ಷಾರದ ಅಳತೆ, ಲೀಟರಿಗೆ 310 ಮಿಲಿಗ್ರಾಂ, ಗಡಸುತನ 420. ಹೊಂಡಕ್ಕೆ ಸುಣ್ಣ ಬೇಕು ಅನ್ನುವುದು ಕ್ಷಾರತೆ 20ಕ್ಕಿಂತ ಕೆಳಗೆ ಇದ್ದಾಗ. 40–50ರವರೆಗೂ ಹಾಕುವವರು ಇದ್ದಾರೆ. ನಮ್ಮದು 310! ಇದರ ಮೇಲೆ ಮಾವ ಏರಿ ಬಿರಿಯದಿರಲಿ ಅಂತ ದಿನವೂ ಅದೇ ಗಡುಸು ನೀರನ್ನು ತುಂಬುತ್ತಿದ್ದರು. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ನೀರು ಹಬೆಯಾಗಿ ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಸುಣ್ಣ ಉಳಿಯುತ್ತದೆ. ಏಳು ತಿಂಗಳಿಂದ ಹೊಂಡ ತನ್ನಷ್ಟಕ್ಕೆ ತಾನೇ ಸುಣ್ಣ ಹಾಕಿಕೊಳ್ಳುತ್ತಿತ್ತು.

ಆ ಸಂಜೆಗೆ ವಾಪಸ್ ಬರುತ್ತೇನೆ. ಏರಿ ಮೇಲೆ ಹತ್ತು ಜನ, ಹತ್ತು ಸಲಹೆ. ಒಬ್ಬರು ಬ್ಯಾಟರಿ ಆಸಿಡ್ ಸುರಿಯಿರಿ ಅಂದರು, ಪಿಎಚ್ ಇಳಿಯುತ್ತದಲ್ಲ ಅಂತ. ತರ್ಕ ಸರಿ, ಆದರೆ ಆಸಿಡ್ ಬಿದ್ದ ಜಾಗದಲ್ಲಿದ್ದ ಮೀನು ಸುಟ್ಟುಹೋಗುತ್ತದೆ, ಬ್ಯಾಟರಿಯ ಸೀಸ ಬೇರೆ. ಬೇಡ ಅಂದೆ. ಇನ್ನೊಬ್ಬರು ಸತ್ತ ಮೀನನ್ನು ಕಿಲೋಗೆ ಮೂವತ್ತು ರೂಪಾಯಿಗೆ ಕೇಳಿದರು, "ಒಣಗಿಸ್ತೀವಿ" ಅಂತ. ಮಾವ ಉತ್ತರ ಕೊಡಲಿಲ್ಲ, ಸಲಿಕೆ ತರಲು ಹೋದರು.

ಮಾಡಿದ್ದು ಇಷ್ಟು. ಮೇವು ಪೂರ್ತಿ ಬಂದ್. ಬಾವಿ ನೀರನ್ನು ಒಂದು ಮೂಲೆಯಿಂದ ಬಿಟ್ಟೆವು. ಅದು ಗಡುಸಾದರೂ ಪಿಎಚ್ 7.6 ಇತ್ತಲ್ಲ, ಆ ಮೂಲೆಯಾದರೂ ಮೀನಿಗೆ ಬದುಕಲು ಸಿಕ್ಕಿತು. ಅರ್ಧ ತಾಸಿನಲ್ಲಿ ಪಂಗಾಸಿಯಸ್ ಅಲ್ಲಿ ಗುಂಪುಗೂಡಿದವು. ಇನ್ನೊಂದು ಮೂಲೆಯಲ್ಲಿ ಪೈಪನ್ನು ತಳಕ್ಕೆ ಇಳಿಸಿ ಕಪ್ಪು ನೀರನ್ನು ಹೊರಗೆಳೆದೆವು, ಮೇಲಿನ ನೀರನ್ನಲ್ಲ. ಕೊಳೆ ಇರುವುದು ತಳದಲ್ಲಿ. ಆ ನೀರು ಪಕ್ಕದ ಬದನೆ ಮಡಿಗೆ ಹೋಯ್ತು, ಬದನೆ ಆ ವರ್ಷ ಸೊಂಪಾಗಿ ಬಂತು ಅನ್ನುವುದನ್ನು ಅತ್ತೆ ಇವತ್ತಿಗೂ ಹೇಳುತ್ತಾರೆ. ರಾತ್ರಿಗೆ ಜನರೇಟರ್ ಬಂತು. ಮಧ್ಯರಾತ್ರಿಯಿಂದ ಏಳರವರೆಗೆ ಏರೇಟರ್ ಓಡಿತು.

ಮರುದಿನದಿಂದ ಕಾಕಂಬಿ. ಆಳಂದ, ಅಫಜಲಪುರ ಕಡೆ ಕಬ್ಬು ಇರುವುದರಿಂದ ಕಾಕಂಬಿ ಸಿಗುವುದು ಕಷ್ಟ ಆಗಲಿಲ್ಲ. ದಿನಕ್ಕೆ 15 ಕಿಲೋ, ಬಕೆಟ್ ನೀರಿನಲ್ಲಿ ಕಲಸಿ ಬೆಳಗ್ಗೆ ಎಂಟಕ್ಕೆ ಹೊಂಡದ ಸುತ್ತ. ಸಿಹಿ ಸಿಕ್ಕಿದರೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ, ಬೆಳೆಯಲು ಅಮೋನಿಯಾವನ್ನು ಎಳೆದುಕೊಳ್ಳುತ್ತವೆ. ಉಸಿರಾಡುತ್ತ ಡೈಆಕ್ಸೈಡ್ ಬಿಡುತ್ತವೆ, ಅದರಿಂದ ಪಿಎಚ್ ಕೂಡ ಇಳಿಯುತ್ತದೆ. ಬಯೋಫ್ಲಾಕ್ ಸಾಕಣೆಯವರು, ಅಂದರೆ ನೀರಿನಲ್ಲೇ ಬ್ಯಾಕ್ಟೀರಿಯಾ ಬೆಳೆಸಿ ಮೀನು ಸಾಕುವವರು, ದಿನಾ ಮಾಡುವುದು ಇದನ್ನೇ. ಆದರೆ ಅವು ಆಮ್ಲಜನಕವನ್ನೂ ತಿನ್ನುತ್ತವೆ. ಏರೇಟರ್ ಓಡದ ಹೊಂಡಕ್ಕೆ ಕಾಕಂಬಿ ಸುರಿದರೆ ಮರುದಿನ ಜಾವ ಮತ್ತೊಂದು ಸಾವು ಖಂಡಿತ. ಅದಕ್ಕೆ ಆ ಎಂಟು ದಿನ ಕಾಕಂಬಿಗಿಂತ ಡೀಸೆಲ್‌ಗೇ ಜಾಸ್ತಿ ಖರ್ಚಾಯ್ತು.

ಶುಕ್ರವಾರ ಜಾವದ ಪಿಎಚ್ 8.9, ಮಧ್ಯಾಹ್ನ 9.3. ಶನಿವಾರ ಮಧ್ಯಾಹ್ನ 9. ಭಾನುವಾರ ಸಾವು ನಿಂತಿತು. ಆರನೇ ದಿನ ಎರಡು ಹಿಡಿ ಮೇವು ಹಾಕಿ ನೋಡಿದೆವು, ತಿಲಾಪಿಯಾ ಬಂದು ಮುಗಿಬಿದ್ದವು. ಪಂಗಾಸಿಯಸ್ ಇನ್ನೂ ನಾಲ್ಕು ದಿನ ಮುನಿಸಿಕೊಂಡೇ ಇದ್ದವು.

ಸತ್ತದ್ದು: ಮಂಗಳವಾರ 170 ಬಿಟ್ಟು, ಆ ಮೂರು ದಿನದಲ್ಲಿ ತಿಲಾಪಿಯಾ 900ರ ಮೇಲೆ, ಪಂಗಾಸಿಯಸ್ 140. ತೂಕದಲ್ಲಿ ಮೂರು ಕ್ವಿಂಟಾಲ್ ದಾಟುತ್ತದೆ. ಆಳವಾದ ಗುಂಡಿ ತೋಡಿ ಹೂತೆವು. ನಾಯಿ ಅಗೆಯದಿರಲಿ, ವಾಸನೆ ಬರದಿರಲಿ ಅಂತ ಮೇಲೆ ಉಳಿದಿದ್ದ ಸುಣ್ಣ ಸುರಿದೆವು. ಆ ಸುಣ್ಣಕ್ಕೆ ಸರಿಯಾದ ಜಾಗ ಅದೊಂದೇ ಇತ್ತು.

ಉಳಿದ ಮೀನು ಜೂನ್‌ನಲ್ಲಿ ಮಿರ್ಗಕ್ಕೆ ಮಾರಾಟ ಆಯ್ತು. ಮೃಗಶಿರ ಮಳೆ ಹೂಡುವ ದಿನ ಮೀನು ತಿನ್ನಬೇಕು ಅನ್ನುವುದು ತೆಲಂಗಾಣದಲ್ಲಿ ದೊಡ್ಡ ರೂಢಿ. ಗಡಿಯ ನಮ್ಮ ಊರುಗಳಲ್ಲೂ ಅದು ಇದೆ. ಆ ಎರಡು ದಿನ ಹೊಂಡದ ದಡದಲ್ಲೇ ಜೀವಂತ ಮೀನು ತೂಗಿ ಕೊಟ್ಟರೆ ಪೇಟೆಗೆ ಹೊತ್ತೊಯ್ಯುವ ಕೆಲಸವೇ ಇಲ್ಲ. ತಿಲಾಪಿಯಾ 860 ಕಿಲೋ, ಕಿಲೋಗೆ 120. ಪಂಗಾಸಿಯಸ್ 590 ಕಿಲೋ, ಕಿಲೋಗೆ 100. ಪಂಗಾಸಿಯಸ್‌ಗೆ ಹುರುಪೆ ಇಲ್ಲ ಅಂತ ಮುಖ ತಿರುಗಿಸಿದವರಿದ್ದರು. ಪೇಟೆಯ ಹೋಟೆಲಿನಲ್ಲಿ ಬಾಸಾ ಅಂತ ಮುಳ್ಳು ತೆಗೆದು ಕೊಡುವುದು ಇದನ್ನೇ ಅಂದ ಮೇಲೆ ಎರಡು ಕಿಲೋ ಒಯ್ದರು. ಬಂದದ್ದು 1,62,200 ರೂಪಾಯಿ. ಮೇವಿಗೆ 1,21,500, ಮರಿಗೆ 22,000, ಡೀಸೆಲ್, ಬಾಡಿಗೆ, ಕೂಲಿ, ಕಾಕಂಬಿ, ಸುಣ್ಣ ಎಲ್ಲ ಸೇರಿ 13,500. ಉಳಿದದ್ದು 5,200. ಸತ್ತ ಮೀನು ಬದುಕಿದ್ದರೆ ಏನಿಲ್ಲವೆಂದರೂ ಇನ್ನೊಂದು ನಲವತ್ತು ಸಾವಿರ.

ಸುಣ್ಣದ ಮೇಲೆ ಪೂರ್ತಿ ತಪ್ಪು ಹೊರಿಸುವುದು ನನಗೆ ಅನುಕೂಲ, ಆದರೆ ನ್ಯಾಯ ಅಲ್ಲ. ಸುಣ್ಣ ಹಾಕದಿದ್ದರೆ ಆ ಗುರುವಾರ ಸಾಯುತ್ತಿರಲಿಲ್ಲ, ನಿಜ. ಆದರೆ ಏಳು ತಾಸಿನ ಕರೆಂಟ್ ಇರುವ ಹೊಂಡಕ್ಕೆ 26 ಕಿಲೋ ಮೇವು ಹಾಕುತ್ತ ಹೋದರೆ ಮೇ ತಿಂಗಳಿನಲ್ಲಿ ಯಾವುದೋ ಒಂದು ಜಾವ ಬೇರೆ ದಾರಿಯಲ್ಲಿ ಸಾವು ಬಂದೇ ಬರುತ್ತಿತ್ತು. ಮೇವಿನ ಚೀಲದ ಮೇಲೆ ಮೀನಿನ ತೂಕಕ್ಕೆ ಎಷ್ಟು ಹಾಕಬೇಕು ಅಂತ ಪಟ್ಟಿ ಇರುತ್ತದೆ. ಕರೆಂಟ್ ಎಷ್ಟು ತಾಸು ಇದ್ದರೆ ಎಷ್ಟು ಅಂತ ಇರುವುದಿಲ್ಲ. ನಮ್ಮ ಕಡೆ ಬೇಕಾದದ್ದು ಎರಡನೇ ಪಟ್ಟಿ.

ಈಗ ಮಾವ 2,500 ತಿಲಾಪಿಯಾ, 600 ಪಂಗಾಸಿಯಸ್ ಬಿಡುತ್ತಾರೆ. ಮೇವು 14 ಕಿಲೋ ದಾಟಿಸುವುದಿಲ್ಲ. ಸಿಂಗಲ್ ಫೇಸ್‌ನ ಒಂದು ಎಚ್‌ಪಿ ಏರೇಟರ್ ಇನ್ನೊಂದು ಬಂದಿದೆ, ರಾತ್ರಿ ಎರಡರಿಂದ ಏಳರವರೆಗೆ ಓಡುತ್ತದೆ. ಮಳೆಗಾಲದಲ್ಲಿ ಹೊಲದ ನೀರನ್ನು ಆದಷ್ಟು ಹೊಂಡಕ್ಕೆ ತಿರುಗಿಸುತ್ತಾರೆ, ಮೆದು ನೀರು ಸೇರಲಿ ಅಂತ. ಬಾವಿ ನೀರು ಬಿಡುವ ದಿನ ತಳದಿಂದ ಅಷ್ಟೇ ನೀರು ಹೊರಗೆ.

ಪಂಪಿನ ಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಎರಡು ಸಾಲು ಇರುತ್ತವೆ, ಬೆಳಗ್ಗೆ ಆರರ ಪಿಎಚ್ ಒಂದು, ಮಧ್ಯಾಹ್ನ ಮೂರರದು ಇನ್ನೊಂದು. ಎರಡರ ನಡುವೆ ಒಂದಕ್ಕಿಂತ ಜಾಸ್ತಿ ಅಂತರ ಬಂದ ದಿನ ಮಾವ ಮೇವು ಹಾಕುವುದಿಲ್ಲ, ನನಗೆ ಫೋನ್ ಮಾಡುತ್ತಾರೆ. ಮೊದಲು ಅಂಕಿ ಹೇಳುತ್ತಾರೆ. ಆಮೇಲೆ, "ಈಗ ಹೇಳು, ಏನ್ ಹಾಕ್ಲಿ?" ಅಂತ ನಗುತ್ತಾರೆ.